ಉದ್ದದ ಗಾಡಿಗೆ ಗಿಡ್ಡದ ಪಂಪು

ಅಮೆರಿಕದವರು ಒಂದೇ ಚಾಸಿಯ ಮೇಲೆ ಮೂರು ಹೆಸರಿನ ಗಾಡಿ ಕಟ್ಟಿ ಮಾರುತ್ತಾರೆ ಎಂಬುದರ ಬಗ್ಗೆ ನನಗೆ ಬಹಳ ಕಾಲ ಸಿಟ್ಟೇನೂ ಇರಲಿಲ್ಲ. ಇದ್ದದ್ದು ಜಂಬ. ಆ ಗುಟ್ಟು ನನಗೆ ಗೊತ್ತು, ಗಾಡಿ ಕೊಂಡವನಿಗೆ ಗೊತ್ತಿಲ್ಲ ಎಂಬ ಜಂಬ. ಹದಿನೆಂಟು ವರ್ಷದಿಂದ ನಾನು ಮಸ್ಕತ್ತಿನ ವಾದಿ ಕಬೀರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಈಗ ಸಿಟ್ಟು ಇದೆ. ಅವರ ಮೇಲೂ ಇದೆ, ನನ್ನ ಮೇಲೂ ಇದೆ. ನನ್ನ ಮೇಲಿನದೇ ಹೆಚ್ಚು. ಆದರೆ ಅವರಿಂದ ಶುರು ಮಾಡಿದರೆ ಬರೆಯುವುದು ಸುಲಭ.

ತರಬೇತಿಗೆಂದು ಕಂಪೆನಿಯಿಂದ ಬಂದಿದ್ದವರೊಬ್ಬರು ಒಮ್ಮೆ ನಮ್ಮನ್ನೆಲ್ಲ ಹೋಟೆಲೊಂದರಲ್ಲಿ ಕೂರಿಸಿ ಈ ವಿದ್ಯೆಯನ್ನು ಬಿಡಿಸಿ ಹೇಳಿದ್ದರು. ಗಾಡಿಯ ಕೆಳಗಿನ ಚೌಕಟ್ಟು, ಚಕ್ರ ಹಿಡಿದಿರುವ ತೋಳುಗಳು, ಸ್ಟಿಯರಿಂಗು, ಬ್ರೇಕು, ಎಂಜಿನ್ ಕೂರುವ ಜಾಗ, ಇವಕ್ಕೆಲ್ಲ ಒಂದೇ ಸಲ ತಲೆ ಕೆಡಿಸಿಕೊಳ್ಳುವುದು. ಅದಕ್ಕೆ ಪ್ಲಾಟ್‌ಫಾರ್ಮ್ ಎಂದು ಹೆಸರು. ಆಮೇಲೆ ಅದರ ಮೇಲೆ ಬೇರೆ ಮೈ, ಬೇರೆ ದೀಪ, ಬೇರೆ ಸೀಟು, ಮೂತಿಗೆ ಬೇರೆ ಬಿಲ್ಲೆ. ಕೊಳ್ಳುವವನ ಕಣ್ಣಿಗೆ ಬೀಳುವ ಕಡೆ ಖರ್ಚು, ಬೀಳದ ಕಡೆ ಉಳಿತಾಯ. ಇದನ್ನು ಅವರು ಭಾರಿ ಹೆಮ್ಮೆಯಿಂದ ಹೇಳಿದರು. ನಮ್ಮೂರಿನಲ್ಲಿ ಒಂದೇ ಹಿಟ್ಟಿನಿಂದ ಬೆಳಿಗ್ಗೆ ಇಡ್ಲಿ, ಸಂಜೆ ದೋಸೆ ಮಾಡುವ ಹೆಂಗಸರು ಯಾರೂ ಇದರ ಬಗ್ಗೆ ಭಾಷಣ ಮಾಡಿದ್ದಿಲ್ಲ ಎಂದು ನಾನು ಪಕ್ಕದವನ ಕಿವಿಯಲ್ಲಿ ಹೇಳಿದ್ದೆ.

ನಮ್ಮ ಕೌಂಟರಿನಲ್ಲಿ ಹೆಚ್ಚು ಓಡುವುದು ಇಂಥದೇ ಮೂರು ದೊಡ್ಡ ಗಾಡಿಗಳ ಸಾಮಾನು. ಅವುಗಳ ನಿಜ ಹೆಸರು ಬೇಡ. ನಾವು ಊರಿನವರು ನಮ್ಮೊಳಗೆ ಅವಕ್ಕೆ ದೊಡ್ಡಣ್ಣ, ನಡುವಣ್ಣ, ಸಣ್ಣಣ್ಣ ಎನ್ನುತ್ತೇವೆ. ಸಣ್ಣಣ್ಣನನ್ನು ಗುತ್ತಿಗೆದಾರರು ಕೊಳ್ಳುತ್ತಾರೆ, ನಡುವಣ್ಣನನ್ನು ಸಂಸಾರಸ್ಥರು, ದೊಡ್ಡಣ್ಣನನ್ನು ಹೆಸರು ಬೇಕಾದವರು. ಮೂವರೂ ಒಂದೇ ತಾಯಿಯ ಮಕ್ಕಳು. ಪ್ರತಿಯೊಬ್ಬನಲ್ಲೂ ಮತ್ತೆ ಎರಡು ಅಳತೆ, ಗಿಡ್ಡದ್ದು ಮತ್ತು ಉದ್ದದ್ದು. ಉದ್ದದ್ದರಲ್ಲಿ ಹಿಂದಿನ ಸೀಟಿನಾಚೆ ಇನ್ನೂ ಒಂದು ಮಂಚ ಹಾಕುವಷ್ಟು ಜಾಗ.

ದೊಡ್ಡಣ್ಣನ ಒಡೆಯರ ಕತೆ ಹೇಳಿದರೆ ಮುಗಿಯುವುದಿಲ್ಲ. ಒಬ್ಬರು ನೀರಿನ ಪಂಪು ಕೇಳಿಕೊಂಡು ಬಂದರು. ನಾನು ಕೊಟ್ಟೆ. ಡಬ್ಬಿಯ ಮೇಲೆ ಸಣ್ಣಣ್ಣನ ಬಿಲ್ಲೆ ಕಂಡಿತು, ಅವರ ಮುಖ ಬಾಡಿತು. ಇದು ತನ್ನ ಗಾಡಿಗೆ ಹೇಗೆ ಆಗುತ್ತದೆ ಎಂದರು. ಒಳಗಿನ ಸಾಮಾನು ಒಂದೇ, ನಂಬರು ಒಂದೇ ಎಂದು ತೋರಿಸಿದೆ. ಒಪ್ಪಲಿಲ್ಲ. ಕಡೆಗೆ ನಾನು ಅವರ ಕಣ್ಣೆದುರೇ ಪಂಪನ್ನು ತೆಗೆದು ದೊಡ್ಡಣ್ಣನ ಖಾಲಿ ಡಬ್ಬಿಗೆ ಹಾಕಿ ಕೊಟ್ಟೆ. ಸಮಾಧಾನದಿಂದ ತೆಗೆದುಕೊಂಡು ಹೋದರು. ಇಂಥವರನ್ನು ವರ್ಷಗಟ್ಟಲೆ ನೋಡಿದ ಮೇಲೆ ನನ್ನ ಬಾಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು. ಯಾರು ಏನು ಕೇಳಿದರೂ ನಾನು "ಎಲ್ಲ ಒಂದೇ" ಎನ್ನುತ್ತಿದ್ದೆ.

ವಾದಿ ಕಬೀರಿನ ಕೌಂಟರುಗಳಲ್ಲಿ ಒಂದು ಪದ್ಧತಿ ಇತ್ತು. ಗೊತ್ತಿರುವ ಮೆಕ್ಯಾನಿಕ್ ಬಂದರೆ ಅವನ ಹತ್ತಿರ ಚಾಸಿ ನಂಬರು ಕೇಳುವ ಹಾಗಿಲ್ಲ. ಚಾಸಿ ನಂಬರು ಎಂದರೆ ಗಾಡಿಯ ಜಾತಕ. ಹದಿನೇಳು ಅಕ್ಷರ ಅಂಕಿಗಳನ್ನು ಒತ್ತಿದರೆ ಅದು ಯಾವ ಮೈ, ಯಾವ ಎಂಜಿನ್, ಯಾವ ವರ್ಷ ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ. ಆದರೆ ಅದನ್ನು ಕೇಳಿದರೆ ಮೆಕ್ಯಾನಿಕ್ಕಿಗೆ ಅವಮಾನ, ಕೌಂಟರಿನವನಿಗೆ ಅದಕ್ಕಿಂತ ದೊಡ್ಡ ಅವಮಾನ. ಇವನಿಗೆ ಸಾಮಾನು ಬಾಯಿಪಾಠ ಇಲ್ಲ, ಹೊಸಬ ಎಂದು ಸುತ್ತ ನಿಂತವರು ನಗುತ್ತಾರೆ. ಅವನು ಅರ್ಧ ವಾಕ್ಯ ಹೇಳಬೇಕು, ನಾನು ಹಿಂದೆ ತಿರುಗಿ ಕಪಾಟಿನಿಂದ ಸಾಮಾನು ಎಳೆಯಬೇಕು. ಹಾಗೆ ಕೆಲಸ ಮಾಡುವವನಿಗೆ ಮಾತ್ರ ಅಲ್ಲಿ ಮರ್ಯಾದೆ. ನಾನು ಹಾಗೆ ಕೆಲಸ ಮಾಡುತ್ತಿದ್ದೆ.

ಈ ಪದ್ಧತಿಗೆ ಕುತ್ತು ಬಂದದ್ದು ಹೋದ ವರ್ಷ. ಮ್ಯಾನೇಜರ್ ಕೌಂಟರಿನ ಮೇಲೆ ಒಂದು ಪರದೆ ತಂದು ಇಟ್ಟರು. ಇನ್ನು ಮೇಲೆ ಪ್ರತಿಯೊಬ್ಬರಿಂದಲೂ ಚಾಸಿ ನಂಬರು ತೆಗೆದುಕೊಂಡೇ ಸಾಮಾನು ಕೊಡಬೇಕು, ಇದು ಬಂದ ಮೇಲೆ ಕೌಂಟರಿಗೆ ಇಬ್ಬರು ಬೇಕಾಗಿಲ್ಲ ಎಂದರು. ನಮ್ಮಿಬ್ಬರಲ್ಲಿ ಯಾರು ಹೋಗಬೇಕು ಎಂದು ಕೇಳಿದಾಗ, ಮೊದಲು ಯಾರ ಕೈಯಿಂದ ತಪ್ಪು ಸಾಮಾನು ಹೋಗುತ್ತದೋ ಅವರು ಎಂದು ನಕ್ಕರು. ನಗುತ್ತಾ ಹೇಳಿದ್ದಾದರೂ ನಾನು ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ನನ್ನ ಹೆಂಡತಿ ಮತ್ತು ಮಗಳು ಇಲ್ಲೇ ನನ್ನ ಜೊತೆ ಇದ್ದಾರೆ. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ನಡುವೆ ಕೆಲಸ ಹೋದರೆ ಅವಳ ಶಾಲೆ ನಡುವೆ ನಿಲ್ಲುತ್ತದೆ. ಇಷ್ಟು ಗೊತ್ತಿದ್ದೂ ನಾನು ಆ ಪರದೆಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದೆ. ಹದಿನೆಂಟು ವರ್ಷದ ವಿದ್ಯೆಯನ್ನು ಒಂದು ಗಾಜಿನ ಹಲಗೆಗೆ ಒಪ್ಪಿಸುವುದು ನನ್ನಿಂದಾಗಲಿಲ್ಲ. ಇದನ್ನು ಧೈರ್ಯ ಎಂದುಕೊಂಡಿದ್ದೆ. ಬರೀ ಹಟ.

ಕಾಕನ ಗ್ಯಾರೇಜು ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. ಬಂಟ್ವಾಳ ಕಡೆಯ ಬ್ಯಾರಿಗಳು, ನನಗಿಂತ ಐದಾರು ವರ್ಷ ದೊಡ್ಡವರು. ಬೀದಿಯವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ. ಗ್ಯಾರೇಜಿನ ಲೈಸೆನ್ಸು ಇದ್ದದ್ದು ಅವರ ಕಫೀಲ್, ಅಂದರೆ ಅವರಿಗೆ ಜಾಮೀನು ನಿಂತ ಒಮಾನಿಯ ಹೆಸರಿನಲ್ಲಿ. ಕಾಕನ ವೀಸಾವೂ ಆ ಕಫೀಲ್ ಕೈಯಲ್ಲಿ. ಎರಡು ವರ್ಷಕ್ಕೊಮ್ಮೆ ಅವರ ಸಹಿ ಬಿದ್ದರೆ ಕಾಕ ಒಮಾನಿನಲ್ಲಿ ಇರಬಹುದು, ಬೀಳದಿದ್ದರೆ ಗಂಟು ಕಟ್ಟಬೇಕು. ಹನ್ನೊಂದು ವರ್ಷದಿಂದ ಆ ಸಹಿ ಬೀಳುತ್ತಾ ಬಂದಿತ್ತು. ಊರಿನಲ್ಲಿ ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ನರ್ಸಿಂಗ್ ಕಲಿಕೆ ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಅದೊಂದು ಮುಗಿದರೆ ಸಾಕು, ಆಮೇಲೆ ತಾನು ಒಂದು ದಿನವೂ ಇಲ್ಲಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಇನ್ನೊಂದು ಸಹಿ, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಆ ಸಹಿಗೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಕಫೀಲರ ಸ್ವಂತ ಗಾಡಿಯೇ ಕಾಕನ ಗ್ಯಾರೇಜಿಗೆ ಬಂತು. ನಡುವಣ್ಣ, ಉದ್ದದ್ದು. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಕೈಕೊಟ್ಟಿತ್ತು. ಗುರುವಾರ ಬೆಳಿಗ್ಗೆ, ಕೌಂಟರಿನ ಎದುರು ಏಳೆಂಟು ಮಂದಿ ನಿಂತಿದ್ದಾರೆ. ಕಾಕ ಹಳೆಯ ಪಂಪನ್ನು ಗೋಣಿಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದರ ಪಕ್ಕಕ್ಕೆ ತೇಲುಬೆಂಡಿನ ತಂತಿ ಇರುತ್ತದೆ, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದೆ ಎಂದು ಮೀಟರಿನ ಮುಳ್ಳಿಗೆ ಹೇಳುವುದು ಅದೇ. ಆ ತಂತಿ ಮುರಿದು ಬೆಂಡೇ ಇರಲಿಲ್ಲ.

ನಾನು ಕಪಾಟಿನಿಂದ ಒಂದು ಡಬ್ಬಿ ಎಳೆದು ಮೇಜಿನ ಮೇಲಿಟ್ಟೆ. ಕಾಕ ಡಬ್ಬಿ ತಿರುಗಿಸಿ ನೋಡಿದರು.

"ಇದು ಗಿಡ್ಡದ್ದಲ್ವಾ ಮಾರ್ರೆ? ನನ್ನದು ಉದ್ದದ್ದು ಉಂಟು."

"ಎಲ್ಲ ಒಂದೇ ಕಾಕ. ಬಾಯಿ ಒಂದೇ, ಬೋಲ್ಟು ಒಂದೇ, ಪ್ಲಗ್ಗು ಒಂದೇ. ನೋಡಿ."

ಹಳೆಯದರ ಪಕ್ಕದಲ್ಲಿ ಹೊಸದನ್ನು ಇಟ್ಟು ತೋರಿಸಿದೆ. ಮುಚ್ಚಳದ ಅಳತೆ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ.

"ಚಾಸಿ ನಂಬ್ರ ಫೋನಿನಲ್ಲಿ ಉಂಟು. ಒಮ್ಮೆ ಆ ಸ್ಕ್ರೀನಿಗೆ ಹಾಕಿ ನೋಡುದಾ?" ಎಂದರು ಕಾಕ. ಮೆತ್ತಗೆ, ಬೇರೆಯವರಿಗೆ ಕೇಳಿಸದ ಹಾಗೆ.

ನಾನು ಎಲ್ಲರಿಗೂ ಕೇಳಿಸುವ ಹಾಗೆ ನಕ್ಕೆ. "ಎಂತ ಕಾಕ, ಹನ್ನೊಂದು ವರ್ಷ ನನ್ನ ಕೈಯಿಂದ ಸಾಮಾನು ತಗೊಂಡು ಹೋದವರು ಈಗ ಸ್ಕ್ರೀನಿನ ಹತ್ರ ಸರ್ಟಿಫಿಕೇಟು ಕೇಳ್ತೀರಾ? ಅರ್ಜೆಂಟುಂಟು ಅಂತೀರಿ, ತಗೊಂಡು ಹೋಗಿ."

ಸುತ್ತಲಿನವರೂ ನಕ್ಕರು. ಕಾಕ ಕೂಡ ನಕ್ಕು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಆ ನಂಬರು ಒತ್ತಲು ಒಂದು ನಿಮಿಷ ಸಾಕಾಗಿತ್ತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ವಿಷಯ ಇಷ್ಟೇ. ಗಿಡ್ಡ ಗಾಡಿಯ ಟ್ಯಾಂಕು ಚಿಕ್ಕದು, ಉದ್ದದ ಗಾಡಿಯದು ದೊಡ್ಡದು. ಟ್ಯಾಂಕಿನ ಬಾಯಿ ಮಾತ್ರ ಎರಡಕ್ಕೂ ಒಂದೇ, ಯಾಕೆಂದರೆ ಬಾಯಿಗೆ ಬೇರೆ ಅಚ್ಚು ಮಾಡುವುದು ಅಮೆರಿಕದವರಿಗೆ ದಂಡ ಎನಿಸಿತ್ತು. ಹಾಗಾಗಿ ಗಿಡ್ಡದ ಪಂಪು ಉದ್ದದ ಟ್ಯಾಂಕಿನಲ್ಲಿ ಚೊಕ್ಕವಾಗಿ ಕೂರುತ್ತದೆ. ಎಂಜಿನ್ ಓಡುತ್ತದೆ. ಆದರೆ ತೇಲುಬೆಂಡಿನ ತಂತಿ ಚಿಕ್ಕದು, ಅದು ದೊಡ್ಡ ಟ್ಯಾಂಕಿನ ತಳ ಮುಟ್ಟುವುದಿಲ್ಲ. ಎಣ್ಣೆ ಪೂರ್ತಿ ಮುಗಿದರೂ ಮುಳ್ಳು ಕಾಲು ಭಾಗ ಇದೆ ಎಂದೇ ತೋರಿಸುತ್ತದೆ. ಎಲ್ಲ ಒಂದೇ ಮಾಡಿದವರು ಇದೊಂದನ್ನು ಬೇರೆ ಮಾಡಿದ್ದರು. ಬಾಯಿಯನ್ನೂ ಬೇರೆ ಮಾಡಿದ್ದರೆ ನನ್ನಂಥ ದಡ್ಡನ ಕೈಯಲ್ಲೂ ಅದು ಕೂರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವು ನಗಬಹುದು, ನಗಿ.

ಕಫೀಲರ ಮನೆ ಮಸ್ಕತ್ತಿನ ಬೌಷರಿನಲ್ಲಿ, ಅವರ ತಾಯಿ ಇದ್ದದ್ದು ಎರಡು ಗಂಟೆ ದಾರಿಯ ಇಬ್ರಾದಲ್ಲಿ. ಪ್ರತಿ ವಾರದ ರಜೆಗೂ ಅವರು ಗುರುವಾರ ಸಂಜೆ ಟ್ಯಾಂಕು ತುಂಬಿಸಿಕೊಂಡು ಇಬ್ರಾಕ್ಕೆ ಹೋಗುತ್ತಿದ್ದರು. ಆ ವಾರ ಮುಳ್ಳು ಅರ್ಧದ ಮೇಲಿದೆ ಎಂದು ತುಂಬಿಸದೆಯೇ ಹೋದರು. ಶನಿವಾರ ತಾಯಿಯನ್ನು ಮಸ್ಕತ್ತಿನ ಕಣ್ಣಿನ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೊರಟರು. ಹೊರಡುವ ಮೊದಲು ಮುದುಕಿಗೆ ತನ್ನ ತಂಗಿಯನ್ನು ನೋಡಬೇಕೆನಿಸಿತು. ತಂಗಿಯ ಮನೆ ಗುಡ್ಡಗಳ ನಡುವಿನ ಒಂದು ಹಳ್ಳಿಯಲ್ಲಿ. ಮುಳ್ಳು ಕಾಲಿಗಿಂತ ಮೇಲೆ ಇದ್ದದ್ದನ್ನು ನೋಡಿ ಕಫೀಲರು ಪೆಟ್ರೋಲ್ ಬಂಕನ್ನು ದಾಟಿ ಹೋದರು. ವಾಪಸು ಬರುವಾಗ, ನಡು ಮಧ್ಯಾಹ್ನ, ಫೋನು ಸಿಗ್ನಲ್ ಇಲ್ಲದ ಒಂದು ತಿರುವಿನಲ್ಲಿ ಗಾಡಿ ನಿಂತಿತು. ಎಂಜಿನ್ ನಿಂತೊಡನೆ ಎಸಿಯೂ ನಿಂತಿತು. ಮೇ ತಿಂಗಳ ಬಿಸಿಲು. ತಾಯಿಯನ್ನು ಬಿಟ್ಟು ನಡೆದುಹೋಗುವ ಹಾಗಿಲ್ಲ, ನಡೆಸಿಕೊಂಡು ಹೋಗುವ ಹಾಗೂ ಇಲ್ಲ. ಒಂದು ಗಂಟೆಯ ಮೇಲೆ ಒಂದು ನೀರಿನ ಟ್ಯಾಂಕರ್ ಬಂತು. ಅಷ್ಟು ಹೊತ್ತಿಗೆ ಮುದುಕಿಗೆ ಪ್ರಜ್ಞೆ ತಪ್ಪಿತ್ತು. ಇಬ್ರಾದ ಆಸ್ಪತ್ರೆಗೆ ಸೇರಿಸಿದರು. ದೇವರು ದೊಡ್ಡವನು, ಎರಡು ಮೂರು ದಿನಕ್ಕೆ ಚೇತರಿಸಿಕೊಂಡರು.

ಭಾನುವಾರ ಬೆಳಿಗ್ಗೆ ಕಾಕ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ ನಾನು ಮೊದಲು ಮಾಡಿದ ಕೆಲಸ, ಆ ಪರದೆಯ ಹತ್ತಿರ ಹೋಗಿ ಕಾಕನಿಂದ ಚಾಸಿ ನಂಬರು ಕೇಳಿಕೊಂಡು ಒತ್ತಿದ್ದು. ಬೇರೆ ನಂಬರಿನ ಪಂಪು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ನಾನು ಹಿಂದಿನ ಬೀದಿಗೆ ಓಡಿದೆ. ಕಾಕ ಜಾಕಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕಫೀಲರು ಆಗಲೇ ಇಬ್ರಾದಿಂದ ಗಾಡಿ ತೆಗೆದುಕೊಂಡು ಹೊರಟಿದ್ದಾರೆ ಎಂದರು.

"ನನ್ನದೇ ತಪ್ಪು ಕಾಕ. ಪಾರ್ಟು ತಪ್ಪು ಕೊಟ್ಟೆ. ನಾನೇ ಹೇಳ್ತೇನೆ ಅವರಿಗೆ."

"ಹೇಳಿ ಎಂತ ಮಾಡುದು? ಅವರು ಸೀದಾ ನಿಮ್ಮ ಅಂಗಡಿಗೆ ಹೋಗಿ ಮ್ಯಾನೇಜರ್ ಹತ್ರ ಕೇಳ್ತಾರೆ. ಆ ಮನುಷ್ಯ ಇದೊಂದಕ್ಕೇ ಕಾಯ್ತಾ ಉಂಟು. ನಿಮ್ಮ ಹೆಂಡ್ತಿ ಮಗು ಇಲ್ಲಿ ಉಂಟು ಮಾರ್ರೆ."

"ನಿಮ್ಮ ಸಹಿ?"

"ನನಗೇನಾಗ್ತದೆ? ಹನ್ನೊಂದು ವರ್ಷ ಅವರ ಜೊತೆ ಇದ್ದೇನೆ. ಕೂರಿಸುವಾಗ ತಂತಿ ಬಾಗಿತು ಅಂತೇನೆ. ಬೈತಾರೆ, ಒಂದು ವಾರ ಮಾತಾಡುದಿಲ್ಲ, ಆಮೇಲೆ ಸರಿ ಆಗ್ತಾರೆ. ನೀವು ಸುಮ್ಮನೆ ಇರಿ."

ಬೇಡ ಎಂದು ನಾನು ಹೇಳಿದೆ. ಎಷ್ಟು ಸಲ ಹೇಳಿದೆ ಎಂದು ಈಗ ಕೇಳಿದರೆ, ಒಂದು ಸಲ. ಎರಡನೆಯ ಸಲ ಹೇಳಿದರೆ ಅವರು ಒಪ್ಪಿಬಿಡುತ್ತಾರೋ ಏನೋ ಎಂಬ ಹೆದರಿಕೆ ನನಗೇ ಇತ್ತು.

ಕಫೀಲರು ಬಂದರು. ನಾನು ಅಲ್ಲೇ ಇದ್ದೆ, ಜಾರಿಕೊಳ್ಳಲು ಸಮಯ ಸಿಗಲಿಲ್ಲ. ಅರವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ಸರಕಾರಿ ಕೆಲಸದಿಂದ ನಿವೃತ್ತರಾದವರು. ನಮ್ಮ ಜೊತೆ ಅವರು ಆಡುತ್ತಿದ್ದದ್ದು ಉರ್ದು, ನಡುನಡುವೆ ಅರಬ್ಬಿ. ಅವರು ಬೈಯಲಿಲ್ಲ. ಸಲಾಂ ಹೇಳಿದರು, ಕೂತರು, ನೀರು ಕುಡಿದರು. ಆಮೇಲೆ ಕಾಕನನ್ನು ಕೇಳಿದರು.

"ಏನಾಯಿತು? ನೀನೇ ಹೇಳು."

"ನನ್ನ ಕೈಯಿಂದ ಆದದ್ದು. ಪಂಪು ಕೂರಿಸುವಾಗ ತೇಲುಬೆಂಡಿನ ತಂತಿ ಬಾಗಿತು, ನನಗೆ ಗೊತ್ತಾಗಲಿಲ್ಲ. ಮಾಫ್ ಮಾಡಿ," ಎಂದರು ಕಾಕ.

"ಸಾಮಾನು ಸರಿ ಇತ್ತಾ?"

"ಸಾಮಾನು ಸರಿ ಇತ್ತು."

ಕಫೀಲರು ನನ್ನ ಕಡೆ ತಿರುಗಿದರು. ಪಂಪು ಕೊಟ್ಟದ್ದು ನನ್ನ ಅಂಗಡಿ ಎಂದು ಅವರಿಗೆ ಗೊತ್ತಿತ್ತು. "ನೀನೇನು ಹೇಳುತ್ತೀ? ಸಾಮಾನು ಸರಿ ಇತ್ತಾ?"

ನಾನು ಅವರ ಚಪ್ಪಲಿ ನೋಡುತ್ತಾ ಹೌದು ಎಂದು ತಲೆ ಆಡಿಸಿದೆ. ಬಾಯಿ ತೆರೆದು ಸುಳ್ಳು ಹೇಳಲಿಲ್ಲವಲ್ಲ ಎಂದು ಆ ಕ್ಷಣದಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು ನೆನಪಿದೆ. ಮನುಷ್ಯ ಎಂಥೆಂಥ ಕಡೆ ಸಮಾಧಾನ ಹುಡುಕುತ್ತಾನೆ ನೋಡಿ. ಕಫೀಲರು ಎದ್ದು, ಗಾಡಿ ಹತ್ತಿ ಹೋದರು. ಕಾಕ ನನ್ನ ಹೆಗಲು ತಟ್ಟಿ, ನೋಡಿದಿರಾ, ಒಂದು ಮಾತೂ ಬೈಯಲಿಲ್ಲ ಎಂದರು.

ಒಂದು ವಾರ ಕಳೆಯಿತು. ಸಹಿ ಬೀಳಲಿಲ್ಲ. ಹತ್ತು ದಿನದ ಮೇಲೆ ಕಫೀಲರು ಕಾಕನನ್ನು ಬೌಷರಿಗೆ ಕರೆಸಿ, ವೀಸಾ ರಿನ್ಯೂ ಮಾಡುವುದಿಲ್ಲ, ಊರಿಗೆ ಹೋಗು ಎಂದರು. ಕೊಡಬೇಕಾದದ್ದನ್ನೆಲ್ಲ ಚೊಕ್ಕವಾಗಿ ಕೊಟ್ಟರಂತೆ, ಟಿಕೆಟನ್ನೂ ತೆಗೆಸಿದರಂತೆ. ಕಾರಣ ಕೇಳಿದರೆ ಏನೂ ಹೇಳಲಿಲ್ಲವಂತೆ. ಬೇರೆ ಗ್ಯಾರೇಜಿಗೆ ಸೇರಲು ಕಾಕ ಓಡಾಡಿದರು, ನಾನೂ ಓಡಾಡಿದೆ. ಐವತ್ತೈದು ದಾಟಿದ ಮೆಕ್ಯಾನಿಕ್ಕನ್ನು ಹೊಸದಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ನನಗೆ ಗೊತ್ತಿದ್ದ ಹನ್ನೆರಡು ಗ್ಯಾರೇಜುಗಳಲ್ಲೂ ಅದೇ ಉತ್ತರ ಬಂತು.

ಏರ್‌ಪೋರ್ಟಿಗೆ ನಾನೇ ಬಿಡಲು ಹೋಗಿದ್ದೆ. ಹನ್ನೊಂದು ವರ್ಷದ ಸಾಮಾನು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿದಿತ್ತು. ಅವುಗಳ ಮೇಲೆ ಊರಿನ ವಿಳಾಸ ಬರೆದದ್ದು ನಾನು. ನನ್ನ ಅಕ್ಷರ ದುಂಡಗಿದೆ ಎಂದು ನನ್ನಿಂದಲೇ ಬರೆಸಿದ್ದರು.

"ಈಗಲಾದ್ರೂ ಹೋಗಿ ಹೇಳ್ತೇನೆ ಕಾಕ," ಎಂದೆ.

"ಬೇಡ. ಆದದ್ದು ಆಯ್ತು. ನನ್ನದೂ ಹೋಗಿ ನಿಮ್ಮದೂ ಹೋದ್ರೆ ನಾನು ಮಾಡಿದ್ದಕ್ಕೆ ಎಂತ ಅರ್ಥ ಉಂಟು?"

ಅವರು ಮಾಡಿದ ಉಪಕಾರ ನನ್ನ ಬಾಯಿಗೆ ಹಾಕಿದ ಬೀಗವಾಗಿತ್ತು. ಬೀಗದ ಕೈಯನ್ನು ಅವರು ಊರಿಗೆ ಒಯ್ದರು.

ಮನೆಯಲ್ಲಿ ನಾನು ಸಿಡುಕತೊಡಗಿದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಲಿಫ್ಟು ಕೆಟ್ಟಿದೆಯೆಂದು, ಎದುರು ಮನೆಯವರ ಚಪ್ಪಲಿ ನಮ್ಮ ಬಾಗಿಲಿನ ಹತ್ತಿರ ಇದೆಯೆಂದು. ಅಂಗಡಿಯಲ್ಲಿ ಇದಕ್ಕಿಂತ ಕಡೆ. ಈಗ ನಾನು ಎಲ್ಲರ ಹತ್ತಿರವೂ ಚಾಸಿ ನಂಬರು ಕೇಳುತ್ತಿದ್ದೆ, ಬಲ್ಬು ಕೇಳಿದವನ ಹತ್ತಿರವೂ. ಹಳೆಯ ಮೆಕ್ಯಾನಿಕ್ಕುಗಳು ಮುಖ ಸಿಂಡರಿಸಿದರು. ಮ್ಯಾನೇಜರ್ ಮಾತ್ರ ನನ್ನನ್ನು ಎಲ್ಲರೆದುರು ಹೊಗಳಿದರು. ಇವರನ್ನು ನೋಡಿ ಕಲಿಯಿರಿ, ಒಂದೂ ತಪ್ಪು ಇಲ್ಲ ಎಂದರು. ಕೌಂಟರಿನಿಂದ ಹೋದದ್ದು ನನ್ನ ಜೊತೆಯವನು, ನಾನು ಉಳಿದೆ. ಆ ಹೊಗಳಿಕೆಯ ದಿನ ನನಗೆ ಆ ಪರದೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕು ಎನಿಸಿತ್ತು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೆಂಡತಿ ಎದುರು ಎಲ್ಲವನ್ನೂ ಹೇಳಿದೆ. ಮೊದಲು ಮಾತಾಡಿದ್ದು ಮಗಳು. ಅವಳನ್ನು ನಾವು ಕನ್ನಡದಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ.

"ಅಪ್ಪಾ, ವೈ ಡಿಡಂಟ್ ಯು ಜಸ್ಟ್ ಟೆಲ್ ಹಿಮ್?"

"ನಿನ್ನ ಶಾಲೆಗೋಸ್ಕರ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅದನ್ನು ಅವಳ ತಲೆಗೆ ಕಟ್ಟಿದರೆ ನನ್ನಷ್ಟು ಹೇಡಿ ಇನ್ನೊಬ್ಬನಿಲ್ಲ. ಮುಂದಿನ ಶುಕ್ರವಾರ ನಮಾಜು ಮುಗಿಯುವ ಹೊತ್ತು ನೋಡಿಕೊಂಡು ಬೌಷರಿಗೆ ಹೋದೆ.

ಕಫೀಲರು ನನ್ನನ್ನು ಮಜ್ಲಿಸಿನಲ್ಲಿ, ಬಂದವರನ್ನು ಕೂರಿಸುವ ಕೋಣೆಯಲ್ಲಿ, ಕೂರಿಸಿದರು. ಖರ್ಜೂರದ ತಟ್ಟೆ ಮುಂದಿಟ್ಟರು, ಅರಬ್ಬಿ ಕಾಫಿ, ಕಾವಾ ಬಗ್ಗಿಸಿದರು. ಒಳಗಿನ ಕೋಣೆಯಿಂದ ಅವರ ತಾಯಿಯ ಕೆಮ್ಮು ಕೇಳುತ್ತಿತ್ತು. ನಾನು ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಪಂಪು ತಪ್ಪು ಕೊಟ್ಟದ್ದು ನಾನು, ಕಾಕ ಕೇಳಿದರೂ ನಂಬರು ನೋಡದೆ ಇದ್ದದ್ದು ನಾನು, ಕಾಕನ ಕೈಯಲ್ಲಿ ಯಾವ ತಪ್ಪೂ ಆಗಿಲ್ಲ.

"ಗೊತ್ತು," ಎಂದರು ಕಫೀಲರು.

ನನಗೆ ಅರ್ಥವಾಗಲಿಲ್ಲ.

"ಅದೇ ದಿನ ಇಬ್ರಾದಲ್ಲಿ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ್ದೆ. ಪಂಪು ಬಿಚ್ಚಿ ನೋಡಿದ. ಕೂರಿಸಿದ ಕೆಲಸದಲ್ಲಿ ಒಂದು ಕೊರತೆಯೂ ಇಲ್ಲ, ತಂತಿ ಎಲ್ಲೂ ಬಾಗಿಲ್ಲ, ಸಾಮಾನೇ ಗಿಡ್ಡ ಗಾಡಿಯದು ಎಂದ. ಅದು ಗೊತ್ತಿದ್ದುಕೊಂಡೇ ನಾನು ಗ್ಯಾರೇಜಿಗೆ ಬಂದೆ."

"ಹಾಗಾದರೆ ಅವರನ್ನು ಯಾಕೆ ಕಳಿಸಿದಿರಿ? ಅವರ ತಪ್ಪೇ ಇರಲಿಲ್ಲವಲ್ಲ."

"ತಪ್ಪಿಗೆ ನಾನು ಯಾರನ್ನೂ ಕಳಿಸುವುದಿಲ್ಲ. ಹನ್ನೊಂದು ವರ್ಷ ನನ್ನ ಹತ್ತಿರ ಇದ್ದವನು ನನ್ನ ಮುಖ ನೋಡಿ ಸುಳ್ಳು ಹೇಳಿದ, ನನ್ನ ತಾಯಿ ಆಸ್ಪತ್ರೆಯಲ್ಲಿ ಮಲಗಿರುವಾಗ. ಗ್ಯಾರೇಜು ನನ್ನ ಹೆಸರಿನಲ್ಲಿದೆ. ನಾಳೆ ಯಾರದೋ ಬ್ರೇಕು ಹೋಗುತ್ತದೆ, ಆಗ ಅವನು ಹೇಳುವುದನ್ನು ನಾನು ಹೇಗೆ ನಂಬಲಿ?"

ಅವರು ನನ್ನ ಬಟ್ಟಲಿಗೆ ಮತ್ತೆ ಕಾವಾ ಬಗ್ಗಿಸಿದರು.

"ಅವನು ನಿನಗೋಸ್ಕರ ಹೇಳುತ್ತಿದ್ದಾನೆ ಎಂದು ನನಗೆ ತಿಳಿಯಿತು. ಅದಕ್ಕೇ ನಿನ್ನನ್ನೂ ಕೇಳಿದೆ. ನೀನು ಸಾಮಾನು ತಪ್ಪು ಎಂದು ಒಂದು ಮಾತು ಹೇಳಿದ್ದರೆ ಇಬ್ಬರಿಗೂ ಬೈದು, ಅಲ್ಲೇ ಅವನ ಕಾಗದಕ್ಕೆ ಸಹಿ ಹಾಕಿ ಹೋಗುತ್ತಿದ್ದೆ. ಕಾಗದ ನನ್ನ ಕಿಸೆಯಲ್ಲೇ ಇತ್ತು."

ಅವರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಕಾಕನನ್ನು ಮತ್ತೆ ಕರೆಸಿಕೊಳ್ಳಲು ಆಗುವುದಿಲ್ಲವೇ ಎಂದು ಕೇಳಿದೆ, ಕೈ ಮುಗಿದು ಕೇಳಿದೆ. ಅವರ ಜಾಗಕ್ಕೆ ಬೇರೆಯವನು ಬಂದು ಕೆಲಸ ಶುರು ಮಾಡಿದ್ದಾನೆ, ಖಲಾಸ್ ಎಂದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ನನ್ನ ಮ್ಯಾನೇಜರಿಗೆ ಹೇಳುತ್ತೀರಾ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಕಾಕ ಈಗ ಬಂಟ್ವಾಳದ ಹತ್ತಿರ ಒಬ್ಬರ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ಹೋಗುತ್ತಾರೆ. ಮಗಳ ಕಲಿಕೆ ಹೇಗೋ ಸಾಗುತ್ತಿದೆಯಂತೆ. ಹೇಗೆ ಎಂದು ಕೇಳಿದರೆ ಮಾತು ಹಾರಿಸುತ್ತಾರೆ. ಕೆಲವು ಶುಕ್ರವಾರ ಅವರೇ ಫೋನ್ ಮಾಡುತ್ತಾರೆ. ಬೌಷರಿಗೆ ಹೋದದ್ದನ್ನು ಅವರಿಗೆ ಹೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಹೇಳಿದರೆ, ಅವರನ್ನು ಊರಿಗೆ ಕಳಿಸಿದ್ದು ಪಂಪಲ್ಲ, ನನ್ನನ್ನು ಉಳಿಸಲು ಅವರು ಆಡಿದ ಮಾತು ಎಂದು ಅವರಿಗೆ ಗೊತ್ತಾಗುತ್ತದೆ. ನನ್ನ ತಲೆಯೊಂದು ಅಡ್ಡ ಆಡಿದ್ದರೆ ಸಾಕಿತ್ತು ಎಂದೂ ಗೊತ್ತಾಗುತ್ತದೆ. ಹೇಳದೆ ಇರುವುದು ಅವರ ನೆಮ್ಮದಿಗೋ ನನ್ನ ನೆಮ್ಮದಿಗೋ ಎಂದು ನನಗೆ ಬಗೆಹರಿದಿಲ್ಲ.

ಹೋದ ವಾರವೂ ಫೋನ್ ಬಂದಿತ್ತು. ಅಲ್ಲಿ ಮಳೆ, ಇಲ್ಲಿ ಸೆಕೆ, ಅಂಗಡಿ, ಮಗಳು ಎಲ್ಲ ಆಯಿತು. ಇಡುವ ಮೊದಲು ಕಾಕ ಕಫೀಲರನ್ನು ನೆನೆಸಿಕೊಂಡರು.

"ಒಳ್ಳೆ ಮನುಷ್ಯ ಮಾರ್ರೆ ಅವರು. ತಾಯಿಗೆ ಹಾಗಾದದ್ದು ಸಹಿಸ್ಲಿಕ್ಕೆ ಆಗ್ಲಿಲ್ಲ, ಅಷ್ಟೆ. ಬೇರೆ ಎಂತ ಇರ್ಲಿಕ್ಕುಂಟು?"

"ಹೌದು ಕಾಕ," ಎಂದೆ.